ನ್ಯಾನ್ಸಿಯ ತೋಪು ಸಾಕು, ಹಿಟ್ಟಿನ ಪೀಪಾಯಿ ತೋರಿಸಿ

ಒಂಟಾರಿಯೊ ಪ್ರಾಂತ್ಯದ ಪ್ರವಾಸೋದ್ಯಮ ಮತ್ತು ಸಂಸ್ಕೃತಿ ಖಾತೆಯ ಸಚಿವರಿಗೆ, ಅಧಿಕಾರಿಗಳಿಗೆ, ವಸಾಗಾ ಬೀಚ್ ಪಟ್ಟಣದ ಕೌನ್ಸಿಲ್ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

2025ರಲ್ಲಿ ಘೋಷಣೆಯಾದ ವಸಾಗಾ ಬೀಚ್ ಅಭಿವೃದ್ಧಿ ಯೋಜನೆಯಲ್ಲಿ, 1812ರಲ್ಲಿ ಶುರುವಾದ ಬ್ರಿಟನ್-ಅಮೆರಿಕ ಯುದ್ಧದಲ್ಲಿ ಸುಟ್ಟುಹೋದ ನ್ಯಾನ್ಸಿ ಹಡಗಿನ ಅವಶೇಷವಿರುವ ನ್ಯಾನ್ಸಿ ದ್ವೀಪದ ಐತಿಹಾಸಿಕ ತಾಣದ ನವೀಕರಣವೂ ಸೇರಿದೆ. ಸಂತೋಷ. ಕಟ್ಟಡ ಹೇಗಿರಬೇಕೆಂದು ಹೇಳಲು ವಾಸ್ತುಶಿಲ್ಪಿಗಳಿದ್ದಾರೆ. ಕಟ್ಟಡದೊಳಗೆ ಏನು ಹೇಳಬೇಕು ಎಂಬುದರ ಬಗ್ಗೆ ಮಾತ್ರ ನಮ್ಮದೊಂದು ತಕರಾರಿದೆ. ಫಲಕಗಳು ಅಚ್ಚಾದ ಮೇಲೆ ಹೇಳಿ ಪ್ರಯೋಜನವಿಲ್ಲವಾದ್ದರಿಂದ ಈಗಲೇ ಬರೆಯುತ್ತಿದ್ದೇವೆ.

ಕನ್ನಡದಲ್ಲೇಕೆ ಎಂದು ಕೇಳಬಹುದು. ಬೇಸಿಗೆಯ ವಾರಾಂತ್ಯಗಳಲ್ಲಿ ಟೊರಾಂಟೊ, ಮಿಸ್ಸಿಸಾಗಾ, ಬ್ರಾಂಪ್ಟನ್ ಕಡೆಯ ಕನ್ನಡ ಕುಟುಂಬಗಳು ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ನಿಮ್ಮ 14 ಕಿಲೋಮೀಟರ್ ಮರಳ ದಂಡೆಗೆ ಬರುತ್ತವೆ. ಮೋಸ್ಲಿ ಬೀದಿಯಲ್ಲಿ ದ್ವೀಪದ ಬಾಗಿಲು ದಾಟಿಯೇ ಹೋಗುತ್ತವೆ, ಒಳಗೆ ಕಾಲಿಡುವವರು ಕಡಿಮೆ. ಅವರೂ ಇಲ್ಲಿ ತೆರಿಗೆ ಕಟ್ಟುವವರು. ಈ ಪತ್ರ ನಿಮಗೆಷ್ಟೋ ಅವರಿಗೂ ಅಷ್ಟೇ.

ನ್ಯಾನ್ಸಿಯ ಕಥೆಯನ್ನು ಸಾಮಾನ್ಯವಾಗಿ ಒಂದೇ ಧಾಟಿಯಲ್ಲಿ ಹೇಳುತ್ತಾರೆ. ಬ್ರಿಟಿಷರ ಒಂಟಿ ಹಡಗು, ಅದರ ಮೇಲೆ ಮೂರು ಅಮೆರಿಕನ್ ಹಡಗುಗಳ ದಾಳಿ, ಸ್ಫೋಟ, ಬೆಂಕಿ, ಮೂರು ವಾರದ ಮೇಲೆ ಕತ್ತಲಲ್ಲಿ ದೋಣಿಗಳಲ್ಲಿ ಹೋಗಿ ತೀರಿಸಿಕೊಂಡ ಸೇಡು. ಇದರಲ್ಲಿ ಸುಳ್ಳೇನಿಲ್ಲ. ಆದರೆ 1812ರಿಂದ 1814ರವರೆಗೆ ಈ ಹಡಗು ತೋಪು ಹಾರಿಸಿದ ದಿನಗಳು ಬೆರಳೆಣಿಕೆಯವು. ಉಳಿದ ದಿನಗಳಲ್ಲಿ ಅದು ಮಾಡಿದ್ದು ಹೇರು ಹೊರುವ ಕೆಲಸ. ಶತ್ರು ಅದನ್ನು ಹುಡುಕಿಕೊಂಡು ಬಂದದ್ದೂ ಆ ಹೇರಿಗಾಗಿ. ನಮ್ಮ ಬೇಡಿಕೆ ಇಷ್ಟೇ: ಹೊಸ ಪ್ರದರ್ಶನದ ನಟ್ಟನಡುವೆ ಹಡಗಿನ ಸರಕು ಇರಲಿ, ತೋಪುಗಳು ಪಕ್ಕಕ್ಕೆ ಸರಿಯಲಿ. ಇದು ರುಚಿಯ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಆ ಲೆಕ್ಕ ಕೆಳಗಿದೆ.

ಮೊದಲು ಹಡಗು. ನ್ಯಾನ್ಸಿ ಯುದ್ಧಕ್ಕೆಂದು ಕಟ್ಟಿದ್ದಲ್ಲ. 1789ರಲ್ಲಿ ಡೆಟ್ರಾಯಿಟ್‌ನಲ್ಲಿ ಮಾಂಟ್ರಿಯಲ್‌ನ ಫೋರ್ಸಿತ್, ರಿಚರ್ಡ್‌ಸನ್ ಕಂಪನಿ ತುಪ್ಪಳದ ವ್ಯಾಪಾರಕ್ಕಾಗಿ ಕಟ್ಟಿಸಿದ ಸ್ಕೂನರ್ ಅದು. ಎರಡು ಕೂವೆಮರ, ಸುಮಾರು 80 ಅಡಿ ಉದ್ದ, 22 ಅಡಿ ಅಗಲ, ಒಳಗೆ 8 ಅಡಿ ಆಳ. ಕೆಲಸದ ಉಸ್ತುವಾರಿ ಹೊತ್ತಿದ್ದ ಜಾನ್ ರಿಚರ್ಡ್‌ಸನ್ ಬರೆದ ಪತ್ರದಲ್ಲಿ ಯಾವ ಭಾಗಕ್ಕೆ ಯಾವ ಮರ ಎಂಬ ಪಟ್ಟಿಯೇ ಇದೆ. ಕೀಲ್ ಎಂಬ ಬುಡದ ಉದ್ದಮರ, ಅದರ ಮೇಲೆ ಕೂರುವ ಒಳಮರ, ಮೂತಿಯ ಮರ, ತಳದ ಅಡ್ಡಮರಗಳು, ಪಕ್ಕೆಲುಬಿನ ಕೆಳ ತುಂಡುಗಳು ಓಕ್. ಹಿಂಬದಿಯ ಕಂಬ, ಪಕ್ಕೆಲುಬಿನ ಮೇಲ್ತುಂಡುಗಳು, ಅಟ್ಟದ (ಡೆಕ್) ತೊಲೆಗಳು, ಅವುಗಳನ್ನು ಪಕ್ಕಕ್ಕೆ ಬಿಗಿಯುವ ಮೂಲೆಮರಗಳು ಕೆಂಪು ಸೀಡರ್. ಹಡಗು ತಳ ತಾಗಿ ನಿಂತರೆ ಪೆಟ್ಟು ತಿನ್ನುವ ಜಾಗಕ್ಕೆ ಗಟ್ಟಿಮರ. ಮಳೆ ಬಿಸಿಲಿಗೆ ಕೊಳೆಯುವ ಮೇಲ್ಭಾಗಕ್ಕೆ ಹಗುರವೂ ಹೌದು, ಕೊಳೆತಕ್ಕೆ ಜಗ್ಗದ್ದೂ ಹೌದು ಎಂಬ ಮರ. ಮೇಲ್ಭಾಗ ಹಗುರಾದಷ್ಟೂ ಹಡಗಿನ ತೂಕ ಕೆಳಗೆ ನಿಲ್ಲುತ್ತದೆ, ಗಾಳಿಗೆ ಮಗುಚುವ ಭಯ ಕಡಿಮೆ. ಖರ್ಚು ಹೆಚ್ಚಾದರೂ ಬಹುಕಾಲ ಬಾಳುತ್ತದೆ ಎಂದೂ, 350 ಪೀಪಾಯಿ ಹೊರುತ್ತದೆ ಎಂದೂ ರಿಚರ್ಡ್‌ಸನ್ ಬರೆದಿದ್ದ. ವ್ಯಾಪಾರಿ ತನ್ನ ಹಡಗನ್ನು ಅಳೆದದ್ದು ಪೀಪಾಯಿಯ ಲೆಕ್ಕದಲ್ಲಿ. ನಾವೂ ಹಾಗೇ ಅಳೆಯೋಣ.

ಮುಂದೆ ಹಡಗು ನಾರ್ತ್ ವೆಸ್ಟ್ ಕಂಪನಿಯ ಕೈಗೆ ಬಂತು. ಸರಕು ಮೇಲಿನ ಸರೋವರಗಳಿಗೆ ಹೋಗುತ್ತಿತ್ತು, ತುಪ್ಪಳದ ಕಟ್ಟುಗಳು ಕೆಳಗೆ ಬರುತ್ತಿದ್ದವು. 1812ರ ಜೂನ್ 18ರಂದು ಅಮೆರಿಕ ಯುದ್ಧ ಸಾರಿದಾಗ ಹಡಗು ಡೆಟ್ರಾಯಿಟ್ ನದಿಯ ಕೆನಡಾ ದಡದಲ್ಲಿತ್ತು. ಬ್ರಿಟಿಷ್ ಸೇನೆ ಅದನ್ನು ಸಾಗಣೆಗೆ ತೆಗೆದುಕೊಂಡಿತು. ಕಪ್ತಾನ ಅಲೆಕ್ಸಾಂಡರ್ ಮ್ಯಾಕಿಂಟಾಶ್ ಕಂಪನಿಯ ಕಾಲದಿಂದಲೂ ಇದ್ದವನೇ, ಹಾಗೇ ಮುಂದುವರಿದ. ಆ ವರ್ಷ ಈರಿ ಸರೋವರದಲ್ಲಿ ಸೈನಿಕರನ್ನೂ ಸಾಮಗ್ರಿಯನ್ನೂ ಸಾಗಿಸಿತು. 1813ರ ವಸಂತದಲ್ಲಿ ಬ್ರಿಟಿಷ್ ಜನರಲ್ ಪ್ರಾಕ್ಟರ್‌ನ ಸೇನೆ ಮೌಮೀ ನದಿಯ ಅಮೆರಿಕನ್ ಕೋಟೆ ಫೋರ್ಟ್ ಮೀಗ್ಸ್‌ಗೆ ಮುತ್ತಿಗೆ ಹಾಕಲು ಹೋದಾಗ ಸಾಗಣೆ ಹಡಗುಗಳ ಸಾಲಿನಲ್ಲಿ ನ್ಯಾನ್ಸಿಯೂ ಇತ್ತು.

1813ರ ಸೆಪ್ಟೆಂಬರ್ 10ರಂದು ಈರಿ ಸರೋವರದ ಕದನದಲ್ಲಿ ಬಾರ್ಕ್ಲೇಯ ಆರು ಬ್ರಿಟಿಷ್ ಹಡಗುಗಳೂ ಸೆರೆಯಾದವು. ಆ ದಿನ ನ್ಯಾನ್ಸಿ ಅಲ್ಲಿರಲಿಲ್ಲ, ಹ್ಯೂರಾನ್ ಸರೋವರದ ಕಡೆ ಸಾಮಾನು ಹೊತ್ತು ಹೋಗಿತ್ತು. ಅದು ಉಳಿದದ್ದಕ್ಕೆ ಕಾರಣ ಶೌರ್ಯವಲ್ಲ, ಹೇರಿನ ಪಾಳಿ. ಈ ವಾಕ್ಯವನ್ನು ಫಲಕದಲ್ಲಿ ಹಾಕಲು ಮನಸ್ಸು ಹಿಂಜರಿಯುತ್ತದೆ ಎಂದು ನಮಗೆ ಗೊತ್ತು. ಹಾಕಿ.

ಮ್ಯಾಕಿಂಟಾಶ್‌ಗೆ ಸೋಲಿನ ಸುದ್ದಿ ಸರಿಯಾಗಿ ತಿಳಿದದ್ದು ಅಕ್ಟೋಬರ್ ಮೊದಲ ವಾರ ಸೇಂಟ್ ಕ್ಲೇರ್ ನದಿಯ ಬಾಯಿಗೆ ಬಂದು ಸಿಕ್ಕಿಕೊಂಡ ಮೇಲೆ. ಇಡೀ ಹ್ಯೂರಾನ್ ಸರೋವರದ ನೀರು ಕಿರಿದಾದ ಬಾಯಿಯಲ್ಲಿ ನುಗ್ಗುವ ಜಾಗ ಅದು. ಸೆಳೆತ ಹಡಗನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಹೊರಬರಲು ಬೆನ್ನ ಹಿಂದಿನಿಂದ ಜೋರು ಗಾಳಿ ಬೇಕು. ಆ ಗಾಳಿ ಬರುವ ತನಕ ಲಂಗರು ಹಾಕಿ ಕಾಯುವುದೊಂದೇ ದಾರಿ. ಎರಡೂ ಬದಿಯ ದಡದಿಂದ ಬಂದೂಕಿನ ಗುಂಡು ತಲುಪುತ್ತದೆ. ಅಲ್ಲಿನ ಅಮೆರಿಕನ್ ಮಿಲಿಶಿಯಾ (ನಾಗರಿಕ ಪಡೆ) ಶರಣಾಗು ಎಂದಿತು, ಮ್ಯಾಕಿಂಟಾಶ್ ಒಪ್ಪಲಿಲ್ಲ. ಗುಂಡಿನ ಚಕಮಕಿಯ ನಡುವೆಯೇ ಗಾಳಿ ಹಿಡಿದು ಸರೋವರಕ್ಕೆ ಹೊರಬಿದ್ದ. ಹಾಯಿ, ಹಗ್ಗಗಳಿಗೆ ಹಾನಿಯಾಗಿತ್ತು. ಶರತ್ಕಾಲದ ಬಿರುಗಾಳಿಯಲ್ಲಿ ಹೇಗೋ ಸೂ ಸೇಂಟ್ ಮೇರಿ ತಲುಪಿ ಚಳಿಗಾಲ ಅಲ್ಲೇ ಕಳೆಯಿತು. ಆ ವರ್ಷದ ಹಡಗಿನ ದಿನಚರಿ ಉಳಿದಿದೆ. ಅದರಲ್ಲಿ ಗಾಳಿಯ ದಿಕ್ಕು, ಲಂಗರಿನ ಜಾಗ, ಹೇರಿದ ಇಳಿಸಿದ ಸಾಮಾನು, ಇವೇ ತುಂಬಿವೆ. ಕಾದಾಟದ ದಿನಗಳನ್ನೂ ಕಪ್ತಾನ ಅದೇ ಧಾಟಿಯಲ್ಲಿ ಬರೆಯುತ್ತಾನೆ. ನಿಮ್ಮ ಫಲಕಗಳಿಗೆ ಅದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹ್ಯೂರಾನ್ ಮತ್ತು ಮಿಶಿಗನ್ ಸರೋವರಗಳು ಸೇರುವ ಜಲಸಂಧಿಯಲ್ಲಿರುವ ಮ್ಯಾಕಿನಾ ದ್ವೀಪವನ್ನು ಬ್ರಿಟಿಷರು 1812ರ ಜುಲೈ 17ರಂದೇ ಹಿಡಿದಿದ್ದರು. ಪಶ್ಚಿಮದ ಮೂಲನಿವಾಸಿ ರಾಷ್ಟ್ರಗಳ ಜೊತೆಗಿನ ಮೈತ್ರಿ, ತುಪ್ಪಳದ ವ್ಯಾಪಾರ, ಎರಡೂ ಆ ದ್ವೀಪದ ಮೇಲೆ ನಿಂತಿದ್ದವು. ಆದರೆ ಕೋಟೆಯನ್ನು ಸಾಕುವಷ್ಟು ಬೆಳೆ ಅಲ್ಲಿಲ್ಲ. ಈರಿ ಸರೋವರ ಕೈತಪ್ಪಿದ ಮೇಲೆ ಹಳೆಯ ಜಲಮಾರ್ಗ ಮುಚ್ಚಿಹೋಯಿತು. ಉಳಿದ ದಾರಿ ಒಂದೇ. ಇಂದಿನ ಟೊರಾಂಟೊ ಆಗಿರುವ ಯಾರ್ಕ್‌ನಿಂದ ಯಂಗ್ ಬೀದಿ ಹಿಡಿದು ಉತ್ತರಕ್ಕೆ, ಸಿಮ್ಕೋ ಸರೋವರ ದಾಟಿ, ಇಂದು ಬ್ಯಾರಿ ಇರುವ ಕೆಂಪೆನ್‌ಫೆಲ್ಟ್ ಕೊಲ್ಲಿಗೆ. ಅಲ್ಲಿಂದ ಒಂಬತ್ತು ಮೈಲಿ ಕಾಡುದಾರಿ, ಅಂದರೆ ಸುಮಾರು 14.5 ಕಿಲೋಮೀಟರ್, ನೆಲದ ಮೇಲೆ. ವಿಲ್ಲೋ ತೊರೆಯಲ್ಲಿ ಮತ್ತೆ ದೋಣಿ, ತೊರೆ ಸೇರುವುದು ನಾಟವಸಾಗಾ ನದಿಗೆ, ನದಿ ಸೇರುವುದು ಜಾರ್ಜಿಯನ್ ಕೊಲ್ಲಿಗೆ. 1814ರ ವಸಂತದಲ್ಲಿ ಮ್ಯಾಕಿನಾ ಕೋಟೆಯ ಅಧಿಕಾರ ವಹಿಸಲು ಹೊರಟ ಲೆಫ್ಟಿನೆಂಟ್ ಕರ್ನಲ್ ರಾಬರ್ಟ್ ಮೆಕ್‌ಡೂವಲ್ ಈ ದಾರಿಯಲ್ಲೇ ಬಂದು, ದೋಣಿಗಳನ್ನು ಕಟ್ಟಿಸಿ, ಮಂಜುಗಡ್ಡೆಯ ನಡುವೆ ಹಾದು ಮೇ 18ರಂದು ಮ್ಯಾಕಿನಾ ಸೇರಿದ.

ಅಂದಿನ ಹಿಟ್ಟಿನ ಪೀಪಾಯಿಯಲ್ಲಿ 196 ಪೌಂಡು ಹಿಟ್ಟು, ಎಂದರೆ 89 ಕಿಲೋ. ಮರದ ತೂಕ ಸೇರಿದರೆ ಸುಮಾರು 98 ಕಿಲೋ, ನಮ್ಮೂರ ಎರಡು ದೊಡ್ಡ ಅಕ್ಕಿ ಮೂಟೆ. ಯಾರ್ಕ್‌ನಿಂದ ನಾಟವಸಾಗಾದ ಅಳಿವೆಗೆ ಬರುವಷ್ಟರಲ್ಲಿ ಒಂದೊಂದು ಪೀಪಾಯಿಯನ್ನೂ ಗಾಡಿಯಿಂದ ದೋಣಿಗೆ, ದೋಣಿಯಿಂದ ಗಾಡಿಗೆ, ಮತ್ತೆ ದೋಣಿಗೆ, ಕೊನೆಗೆ ಹಡಗಿಗೆ ಎತ್ತಿ ಇಳಿಸಬೇಕು. ಸರಕು ಹಾಳಾಗುವುದು ಇಂಥ ಕಡೆಗಳಲ್ಲೇ. ಪೀಪಾಯಿಯ ಪಟ್ಟಿ ಸಡಿಲವಾದರೆ ಹಲಗೆ ಬಿಡುತ್ತದೆ, ನೀರು ಒಳಗಿಳಿಯುತ್ತದೆ. ಆದರೂ ಒತ್ತಿ ತುಂಬಿದ ಹಿಟ್ಟಿನ ಗುಣ ವಿಚಿತ್ರ: ನೀರು ತಾಗಿದ ಹೊರಪದರ ಅಂಟಾಗಿ ಗಟ್ಟಿ ಕವಚ ಕಟ್ಟಿಕೊಂಡು ಒಳಗಿನದನ್ನು ಒಣದಾಗಿಯೇ ಉಳಿಸಬಲ್ಲದು. ಚೀಲದಲ್ಲಿ ತಂದಿದ್ದರೆ ಈ ಅನುಕೂಲ ಇರುತ್ತಿರಲಿಲ್ಲ.

ಹಡಗಿನೊಳಗೆ ಪೀಪಾಯಿಗಳನ್ನು ಮೂತಿಯಿಂದ ಹಿಂಬದಿಯ ದಿಕ್ಕಿಗೆ ಉದ್ದಕ್ಕೆ ಮಲಗಿಸುತ್ತಾರೆ. ಅಡಿಯಲ್ಲಿ ಹಲಗೆ ಅಥವಾ ಸೌದೆಯ ಹಾಸು. ಪೀಪಾಯಿಯ ಉಬ್ಬಿದ ಹೊಟ್ಟೆ ನೆಲಕ್ಕೆ ತಾಗಕೂಡದು, ಎರಡು ತುದಿಗಳ ಬಳಿ ಮಾತ್ರ ಆಧಾರ. ಹೊಟ್ಟೆ ನೆಲಕ್ಕೆ ಕೂತರೆ ಮೇಲಿನ ಸಾಲಿನ ಭಾರಕ್ಕೆ ಹಲಗೆ ಬಿರಿಯುತ್ತದೆ. ಮೇಲಿನ ಸಾಲು ಕೆಳಗಿನದರ ಸಂದಿಯಲ್ಲಿ ಕೂರಬೇಕು. ಪಕ್ಕಗಳಲ್ಲಿ ಬೆಣೆ ಬಿಗಿಯದಿದ್ದರೆ ಅಲೆಗೆ ಇಡೀ ರಾಶಿ ಒಂದು ಬದಿಗೆ ಉರುಳಿ ಹಡಗು ವಾಲುತ್ತದೆ, ವಾಲಿದ ಹಡಗು ನೆಟ್ಟಗಾಗುವುದಿಲ್ಲ. ಉಪ್ಪುನೀರಿನಲ್ಲಿ ಮುಳುಗಿಸಿದ ಮಾಂಸದ ಪೀಪಾಯಿ ಭಾರ, ಅದು ಕೆಳಗೆ, ಹಿಟ್ಟು ಮೇಲೆ. ಸಿಡಿಮದ್ದು ಬೇರೆಯೇ ಕೋಣೆಯಲ್ಲಿ.

ಪೀಪಾಯಿಯ ಉದ್ದ ಸುಮಾರು 28 ಅಂಗುಲ, ಹೊಟ್ಟೆಯ ಅಡ್ಡಳತೆ 21 ಅಂಗುಲ ಎಂದು ಹಿಡಿಯಿರಿ. ಹಡಗಿನ ಒಳಮೈ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ. ತಳದಲ್ಲಿ 5, ಅದರ ಮೇಲೆ 6, ಅದರ ಮೇಲೆ 7, ಒಂದು ಅಡ್ಡಸಾಲಿಗೆ 18. ಇಂಥ 17 ಸಾಲು ಇಟ್ಟರೆ 306. ಉದ್ದ ಸುಮಾರು 40 ಅಡಿ, ಮೇಲಿನ ಅಗಲ 12 ಅಡಿ ಚಿಲ್ಲರೆ, ಎತ್ತರ 5 ಅಡಿಯೊಳಗೆ. 80 ಅಡಿಯ ಹಡಗಿನ ಅರ್ಧ ಉದ್ದ. ಇನ್ನೂ ಎರಡು ಮೂರು ಸಾಲು ತುರುಕಿದರೆ ರಿಚರ್ಡ್‌ಸನ್‌ನ 350ರ ಹತ್ತಿರ ಬರುತ್ತದೆ, ಅವನ ಮಾತು ಬಡಾಯಿಯಲ್ಲ.

1814ರ ಆಗಸ್ಟ್ ಆರಂಭದಲ್ಲಿ ನ್ಯಾನ್ಸಿಗೆ ಹೇರಿದ್ದು ಸುಮಾರು 300 ಪೀಪಾಯಿ ಹಿಟ್ಟು, ಜೊತೆಗೆ ಮಾಂಸ ಮುಂತಾದ ದಿನಸಿ. ಹಿಟ್ಟೊಂದೇ 58,800 ಪೌಂಡು, ಎಂದರೆ 26 ಟನ್ನಿನ ಮೇಲೆ. ಮ್ಯಾಕಿನಾದಲ್ಲಿ 400 ಬಾಯಿ, ಒಬ್ಬೊಬ್ಬರಿಗೆ ದಿನಕ್ಕೆ ಒಂದು ಪೌಂಡು ಎಂದು ಅಂದಾಜಿಸಿದರೆ 147 ದಿನ. ಆಗಸ್ಟ್ ಕೊನೆಗೆ ತಲುಪಿದ್ದರೆ ಜನವರಿಯ ಕೊನೆಯ ವಾರದವರೆಗೆ ಬರುತ್ತಿತ್ತು. ಡಿಸೆಂಬರ್ ಬಂದರೆ ಸರೋವರ ಹೆಪ್ಪುಗಟ್ಟಿ ದಾರಿಯೇ ಇರುವುದಿಲ್ಲ. ಜೊತೆಗೆ ಮಿತ್ರ ರಾಷ್ಟ್ರಗಳ ಯೋಧರು, ಅವರ ಹೆಂಡತಿ ಮಕ್ಕಳು. 400 ಎಂಬುದು ಕೈಬಿಗಿ ಹಿಡಿದ ಲೆಕ್ಕ.

ಇಷ್ಟನ್ನೇ ದೋಣಿಯಲ್ಲಿ ಸಾಗಿಸಿದ್ದರೆ? ಚಪ್ಪಟೆ ತಳದ ಬ್ಯಾಟೋ ದೋಣಿಗೆ ಮೂರು ಟನ್ನು, 30ರಿಂದ 35 ಪೀಪಾಯಿ, ದೋಣಿಗೆ ಐದಾರು ಜನ. ಒಂಬತ್ತು ಹತ್ತು ದೋಣಿ, ಐವತ್ತು ಅರವತ್ತು ಹುಟ್ಟುಗಾರರು. ಅವರೂ ಹೋಗುತ್ತ ಬರುತ್ತ ಹಿಟ್ಟನ್ನೇ ತಿನ್ನುವವರು. ಸ್ಕೂನರಿನ ಹಾಯಿಗಳು ಹಡಗಿನ ಉದ್ದಕ್ಕೆ ಹರಡುವಂಥವು, ಕೆಳಗಿನಿಂದಲೇ ಎಳೆದು ಬಿಡಬಹುದು. ಸಾಗಣೆಗೆ ಎಂಟು ಹತ್ತು ಜನ ಸಾಕು, ಗಾಳಿ ಸರಿಯಿದ್ದರೆ ರಾತ್ರಿಯೂ ಓಡುತ್ತದೆ. ಜುಲೈನಲ್ಲಿ ನಾರ್ತ್ ವೆಸ್ಟ್ ಕಂಪನಿಯ ಮಿಂಕ್ ಅಮೆರಿಕನ್ನರ ಕೈಸೇರಿತ್ತು, ಪರ್ಸಿವರೆನ್ಸ್ ಸುಟ್ಟುಹೋಗಿತ್ತು. ಹ್ಯೂರಾನ್ ಸರೋವರದಲ್ಲಿ ಬ್ರಿಟಿಷರಿಗೆ ಹೇಳಿಕೊಳ್ಳುವಂಥ ಹಾಯಿಹಡಗು ಇದೊಂದೇ ಉಳಿದಿತ್ತು. ಅಮೆರಿಕನ್ ಹಡಗುಪಡೆಯ ನಾಯಕ ಆರ್ಥರ್ ಸಿಂಕ್ಲೇರ್ ಮ್ಯಾಕಿನಾದ ಮೇಲೆ ಆಗಸ್ಟ್ 4ರಂದು ನಡೆದ ದಾಳಿ ವಿಫಲವಾದ ಮೇಲೆ ಕೋಟೆಯನ್ನು ಬಿಟ್ಟು ಈ ಹಡಗಿನ ಬೆನ್ನು ಹತ್ತಿದ್ದು ಸರಿಯಾದ ಲೆಕ್ಕಾಚಾರ. ಹಸಿವಿಗೆ ಶರಣಾಗುವ ಕೋಟೆಗೆ ಏಣಿ ಹಾಕುವುದೇಕೆ?

ಆಗಸ್ಟ್ 14ರ ಕದನವನ್ನು ತೋರಿಸಬೇಡಿ ಎನ್ನುತ್ತಿಲ್ಲ. ತೋರಿಸುವಾಗ ಕೆಲವು ಸಂಗತಿ ಬಿಡಬೇಡಿ. ಆ ಹೊತ್ತಿಗೆ ನ್ಯಾನ್ಸಿಯ ಅಧಿಕಾರ ರಾಯಲ್ ನೇವಿಯ ಲೆಫ್ಟಿನೆಂಟ್ ಮಿಲ್ಲರ್ ವರ್ಸ್ಲಿಯದು. ಶತ್ರು ಬರುತ್ತಿದ್ದಾನೆಂಬ ಮೆಕ್‌ಡೂವಲ್‌ನ ಎಚ್ಚರಿಕೆಯನ್ನು ದೋಣಿಯಲ್ಲಿ ತಂದವನು ಲೆಫ್ಟಿನೆಂಟ್ ರಾಬರ್ಟ್ ಲಿವಿಂಗ್‌ಸ್ಟನ್. ತುಂಬಿದ ಹಡಗನ್ನು ನದಿಯಲ್ಲಿ ಸುಮಾರು ಎರಡು ಮೈಲಿ ಮೇಲಕ್ಕೆ ಎಳೆದರು. ಅಂಕುಡೊಂಕಿನ ನದಿಯಲ್ಲಿ ಹಾಯಿ ನಡೆಯುವುದಿಲ್ಲ. ಇಂಥ ಕಡೆ ಸಣ್ಣ ಲಂಗರನ್ನು ದೋಣಿಯಲ್ಲಿ ಮುಂದೆ ಒಯ್ದು ಕೆಡವಿ, ಹಗ್ಗ ಸುತ್ತಿ ಹಡಗನ್ನು ಅದರತ್ತ ಎಳೆದುಕೊಳ್ಳಬೇಕು, ಮತ್ತೆ ಲಂಗರು ಎತ್ತಿ ಮುಂದೆ ಹಾಕಬೇಕು. ಇಲ್ಲವೇ ದಡದಿಂದ ಹಗ್ಗ ಹಿಡಿದು ಜಗ್ಗಬೇಕು. ಹೇರು ತುಂಬಿದಷ್ಟೂ ಹಡಗು ಆಳಕ್ಕೆ ಇಳಿಯುತ್ತದೆ, ಅಳಿವೆಯ ಮರಳದಿಬ್ಬ ದಾಟುವುದು ಅಷ್ಟೇ ಕಷ್ಟ.

ದಡದಲ್ಲಿ ಮರದ ದಿಮ್ಮಿಗಳ ಕಾವಲುಮನೆ ಕಟ್ಟಿ ಹಡಗಿನ ತೋಪುಗಳನ್ನು ಅಲ್ಲಿಗೆ ಸಾಗಿಸಿದರು: 24 ಪೌಂಡು ಗುಂಡಿನ ಎರಡು ಕ್ಯಾರೊನೇಡ್, 6 ಪೌಂಡಿನ ಒಂದು ತೋಪು. ಕ್ಯಾರೊನೇಡ್ ಎಂದರೆ ಮೋಟು ತೋಪು. 24 ಪೌಂಡಿನ ಉದ್ದ ತೋಪು ಎರಡೂವರೆ ಟನ್ ತೂಗಿದರೆ ಅಷ್ಟೇ ಗುಂಡು ಹಾರಿಸುವ ಕ್ಯಾರೊನೇಡ್ 660 ಕಿಲೋ ಆಸುಪಾಸು. ಹಗುರವಾದ್ದರಿಂದಲೇ ಸರಕು ಹಡಗಿನ ಅಟ್ಟ ಅದನ್ನು ತಾಳುತ್ತದೆ. ಬೆಲೆ ತೆರಬೇಕಾದದ್ದು ದೂರದಲ್ಲಿ: ಕೆಲವು ನೂರು ಗಜ ದಾಟಿದರೆ ಗುರಿ ನೆಚ್ಚುವಂತಿಲ್ಲ. ಕಾವಲುಮನೆಯಲ್ಲಿದ್ದವರು ಸುಮಾರು 20 ನಾವಿಕರು, ಅಷ್ಟೇ ಸಂಖ್ಯೆಯ ಒಜಿಬ್ವೆ ಮೂಲನಿವಾಸಿ ಯೋಧರು, ಬೆರಳೆಣಿಕೆಯ ಫ್ರೆಂಚ್ ಕೆನಡಿಯನ್ ದೋಣಿಗಾರರು. ಎದುರಿಗೆ ಅಮೆರಿಕದ ಮೂರು ಹಡಗು: ನಯಾಗರಾ, ಸ್ಕಾರ್ಪಿಯನ್, ಟೈಗ್ರೆಸ್. ನಯಾಗರಾ ಒಂದರಲ್ಲೇ 32 ಪೌಂಡಿನ 18 ಕ್ಯಾರೊನೇಡ್, 12 ಪೌಂಡಿನ ಎರಡು ಉದ್ದ ತೋಪು.

ಇಷ್ಟಿದ್ದೂ ಬೆಳಗಿನ ಗುಂಡಿನ ಮಳೆ ಫಲ ಕೊಡಲಿಲ್ಲ. ಕಾರಣ ಇಂದಿಗೂ ನಿಮ್ಮ ದ್ವೀಪದ ಮುಂದೆಯೇ ಇದೆ. ನದಿ ಸರೋವರದ ದಂಡೆಗೆ ಸಮಾನಾಂತರವಾಗಿ ಹರಿಯುತ್ತದೆ, ನಡುವೆ ಮರಳ ದಿಣ್ಣೆ, ಅದರ ಮೇಲೆ ಮರಗಳು. ನೇರಕ್ಕೆ ಹಾರುವ ಗುಂಡು ಮರಳಲ್ಲಿ ಹೂತುಹೋಗುತ್ತದೆ. ಸಿಂಕ್ಲೇರ್ ಹೊವಿಟ್ಜರ್‌ಗಳನ್ನು ದಡಕ್ಕಿಳಿಸಿದ ಮೇಲೆ ಆಟ ಬದಲಾಯಿತು. ಹೊವಿಟ್ಜರ್ ಸಿಡಿಗುಂಡನ್ನು ಕಮಾನಿನಂತೆ ಮೇಲೆ ಹಾರಿಸಿ ದಿಣ್ಣೆಯ ಆಚೆ ಬೀಳಿಸುತ್ತದೆ. ಮಧ್ಯಾಹ್ನ ದಾಟಿದ ಮೇಲೆ ಕಾವಲುಮನೆಯ ಮದ್ದು ಸಿಡಿಯಿತು. ಶತ್ರುವಿನ ಕೈಗೆ ಸಿಗದಿರಲಿ ಎಂದು ವರ್ಸ್ಲಿ ಅಲ್ಲಿಂದ ಹಡಗಿನವರೆಗೆ ಮದ್ದಿನ ಪುಡಿಯ ಗೆರೆ ಎಳೆಸಿದ್ದ. ಬೆಂಕಿ ಆ ಗೆರೆ ಹಿಡಿದು ಹಡಗಿಗೆ ಹೋಯಿತು. ಅಂದಿನ ಬ್ರಿಟಿಷ್ ಮದ್ದಿಗೆ ಪೆಟ್ಲುಪ್ಪು ಬಹುಪಾಲು ಬರುತ್ತಿದ್ದದ್ದು ಬಿಹಾರ, ಬಂಗಾಳದಿಂದ. ಸಿಹಿನೀರಿನ ಈ ಮೂಲೆಯ ಬೆಂಕಿಗೂ ಭಾರತಕ್ಕೂ ನಂಟು ಹುಡುಕುವವರಿಗೆ ಇಷ್ಟು ಸಾಕು.

ಸೇನೆಯ ಲೆಕ್ಕದಲ್ಲಿ ಇದು ಸಣ್ಣ ಕದನ. ಬ್ರಿಟಿಷರ ಕಡೆ ಸತ್ತವನು ಒಬ್ಬ. ದೊಡ್ಡ ನಷ್ಟ 300 ಪೀಪಾಯಿ.

ನದಿಯ ಬಾಯಿಗೆ ಮರ ಕಡಿದು ಕೆಡವಿ, ಕಾವಲಿಗೆ ಎರಡು ಸ್ಕೂನರ್ ಬಿಟ್ಟು ಸಿಂಕ್ಲೇರ್ ಹೊರಟುಹೋದ. ಕೊಲ್ಲಿ ವಾಯವ್ಯಕ್ಕೆ ಬಾಯಿ ತೆರೆದಿದೆ, ಆ ದಿಕ್ಕಿನ ಗಾಳಿ ಎದ್ದರೆ ಬೆನ್ನಿಗೆ ಮರಳ ದಂಡೆ. ಸಣ್ಣ ಹಡಗು ಅಲ್ಲಿ ವಾರಗಟ್ಟಲೆ ನಿಲ್ಲುವ ಜಾಗವೇ ಅಲ್ಲ. ಕಾವಲು ಬೇಗನೆ ಸಡಿಲವಾಯಿತು. ವರ್ಸ್ಲಿ ಉಳಿದಿದ್ದ 70 ಪೀಪಾಯಿಗಳನ್ನು ಎರಡು ಬ್ಯಾಟೋ, ಒಂದು ಕೆನೋದಲ್ಲಿ ಹೇರಿಕೊಂಡು ಸುಮಾರು 360 ಮೈಲಿ ಹುಟ್ಟು ಹಾಕಿಸಿದ. ಮೇಲಿನ ಲೆಕ್ಕಕ್ಕೇ ಇದನ್ನೂ ಹಾಕಿ ನೋಡಿ: 13,720 ಪೌಂಡು, 400 ಜನರಿಗೆ 34 ದಿನ. 147 ದಿನಕ್ಕೂ 34 ದಿನಕ್ಕೂ ಇರುವ ಅಂತರವೇ ನ್ಯಾನ್ಸಿ. ಈ ಎರಡು ಅಂಕಿಗಳನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಬರೆಯಿರಿ, ಸಿನಿಮಾ ತೋರಿಸುವ ಪರದೆಯೇ ಬೇಕಾಗುವುದಿಲ್ಲ.

ದಾರಿಯಲ್ಲಿ ಎರಡೂ ಸ್ಕೂನರ್‌ಗಳು ಡಿಟೂರ್ ಎಂಬ ಜಲಮಾರ್ಗದ ಬಳಿ ಇರುವುದು ವರ್ಸ್ಲಿಯ ಕಣ್ಣಿಗೆ ಬಿತ್ತು. ಸೆಪ್ಟೆಂಬರ್ 3ರ ರಾತ್ರಿ ನಾಲ್ಕು ದೋಣಿಗಳಲ್ಲಿ ಹೋಗಿ ಟೈಗ್ರೆಸ್ ಹಿಡಿದರು. ಆರರ ಬೆಳಗ್ಗೆ ಅದೇ ಹಡಗಿನಲ್ಲಿ, ಅಮೆರಿಕದ ಬಾವುಟ ಇಳಿಸದೆ, ಸ್ಕಾರ್ಪಿಯನ್ನಿನ ಪಕ್ಕಕ್ಕೆ ಹೋಗಿ ಅದನ್ನೂ ಹಿಡಿದರು. ಸೇಡಿನ ಕಥೆ ಎನ್ನುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಮೆಕ್‌ಡೂವಲ್‌ಗೆ ಬೇಕಿದ್ದದ್ದು ಹಡಗು. ಸರ್ಪ್ರೈಸ್, ಕಾನ್ಫಿಯಾನ್ಸ್ ಎಂದು ಹೆಸರು ಬದಲಿಸಿಕೊಂಡ ಆ ಎರಡು ಸ್ಕೂನರ್‌ಗಳು ನೀರು ಹೆಪ್ಪುಗಟ್ಟುವ ಮುಂಚೆ ದಿನಸಿ ಸಾಗಿಸಿದವು. ಚಳಿಗಾಲ ಕೋಟೆ ಬಿಡಬೇಕಾಗಲಿಲ್ಲ. ಡಿಸೆಂಬರ್ 24ರ ಘೆಂಟ್ ಒಪ್ಪಂದದಲ್ಲಿ ಮ್ಯಾಕಿನಾ ಅಮೆರಿಕಕ್ಕೇ ಮರಳಿತು, ಅದು ಬೇರೆ ಮಾತು.

ಸುಟ್ಟ ಹಡಗಿನ ತಳಭಾಗ ನದಿಯಲ್ಲಿ ಕುಸಿಯಿತು. ಅದಕ್ಕೆ ಅಡ್ಡಸಿಕ್ಕ ಮರಳು ಹೂಳು ಸೇರಿ ದ್ವೀಪವೇ ಬೆಳೆಯಿತು. ಟೊರಾಂಟೊದ ಪತ್ರಕರ್ತ, ಹಡಗುಗಳ ಇತಿಹಾಸಕಾರ ಸಿ. ಎಚ್. ಜೆ. ಸ್ನೈಡರ್ ಮುಂತಾದವರ ಆಸಕ್ತಿಯಿಂದ 1927ರಲ್ಲಿ ಅಗೆದು ತೆಗೆದರು, 1928ರ ಆಗಸ್ಟ್ 14ರಂದು ಮ್ಯೂಸಿಯಂ ತೆರೆಯಿತು. ಈಗ ನಿಮ್ಮ ಬಳಿ ಇರುವುದು ತಳದ ಭಾಗ, ಅಂದರೆ ರಿಚರ್ಡ್‌ಸನ್ ಪಟ್ಟಿಯ ಓಕ್ ಭಾಗ. ಅಟ್ಟ ಸುಟ್ಟುಹೋಯಿತು, ತೋಪುಗಳು ಅದಕ್ಕೂ ಮುಂಚೆ ಹಡಗಿನಿಂದ ಇಳಿದಿದ್ದವು. ಉಳಿದಿರುವುದು ಪೀಪಾಯಿ ಕೂತಿದ್ದ ನೆಲ. ಸರಕಿನ ಕಥೆ ಹೇಳಿ ಎಂದು ನಾವು ಹಟ ಹಿಡಿಯಲು ಇದೂ ಒಂದು ಕಾರಣ.

ಹಾಗಾಗಿ ಮೊದಲ ಕೆಲಸ, ಹಡಗಿನ ತಳದ ಪಕ್ಕದಲ್ಲೇ, ಅದನ್ನು ಮುಟ್ಟದಂತೆ, 40 ಅಡಿ ಉದ್ದ 12 ಅಡಿ ಅಗಲದ ಪೀಪಾಯಿ ರಾಶಿ ನಿಲ್ಲಿಸಿ. ಎಲ್ಲವೂ ನಿಜವಾದ ಪೀಪಾಯಿ ಆಗಬೇಕಿಲ್ಲ, ಎದುರಿನ ಸಾಲು ಮರದ್ದು, ಹಿಂದಿನದು ತಂತಿಯ ಚೌಕಟ್ಟು ಇದ್ದರೂ ಸಾಕು. 70 ಪೀಪಾಯಿಗಳಿಗೆ ಬೇರೆ ಬಣ್ಣ ಕೊಡಿ. ಒಂದು ಪೀಪಾಯಿಗೆ ಮಾತ್ರ 98 ಕಿಲೋ ಭಾರ ತುಂಬಿ, ಕಪ್ಪಿ ಹಗ್ಗ ಕಟ್ಟಿ, ಮಕ್ಕಳು ಎಳೆದು ನೋಡುವಂತೆ ಮಾಡಿ. ನಾಲ್ಕು ಪಟ್ಟು ಬಲ ಕೊಡುವ ಕಪ್ಪಿಯಾದರೆ, ಘರ್ಷಣೆ ಬಿಟ್ಟು, ಕೈಗೆ 25 ಕಿಲೋ ಬರುತ್ತದೆ, ಇಬ್ಬರು ಹುಡುಗರು ಎತ್ತಬಹುದು. ಕೆಳಗೆ ತಡೆ ಹಲ್ಲು ಇರಲಿ, ಕೈಬಿಟ್ಟರೂ ಬೀಳಬಾರದು.

ನದಿಯ ನಕ್ಷೆ ಎರಡನೆಯದು. ಮರಳಿನ ಅಳಿವೆ ಒಂದೇ ಕಡೆ ನಿಲ್ಲುವುದಿಲ್ಲ. 1814ರ ದಡ, ಇಂದಿನ ದಡ ಎರಡನ್ನೂ ಒಂದರ ಮೇಲೊಂದು ತೋರಿಸದಿದ್ದರೆ ಹೊವಿಟ್ಜರ್ ಏಕೆ ಬೇಕಾಯಿತು ಎಂಬುದೇ ಅರ್ಥವಾಗದು. ಅದೇ ನಕ್ಷೆಯಲ್ಲಿ ಒಂಬತ್ತು ಮೈಲಿಯ ಕಾಡುದಾರಿಯೂ ವಿಲ್ಲೋ ತೊರೆಯೂ ಇರಲಿ. ಬ್ಯಾರಿಯಿಂದ ಬರುವವರು ಅದೇ ದಾರಿಯ ಪಕ್ಕದಲ್ಲಿ ಕಾರು ಓಡಿಸಿಕೊಂಡು ಬರುತ್ತಾರೆ, ಅವರಿಗೆ ಗೊತ್ತಿರುವುದಿಲ್ಲ.

ಮರದ ವಿಷಯದಲ್ಲಿ ದಯವಿಟ್ಟು ಅವಸರ ಬೇಡ. ಶತಮಾನಕ್ಕೂ ಹೆಚ್ಚು ನೀರು ಕುಡಿದ ಓಕ್ ಅನ್ನು 1927ರಲ್ಲಿ ಹೊರತೆಗೆದಾಗ, ನೀರಿನ ಜಾಗಕ್ಕೆ ಪಾಲಿಥಿಲೀನ್ ಗ್ಲೈಕಾಲ್ ತುಂಬಿಸುವ ವಿಧಾನ ಬಳಕೆಯಲ್ಲಿರಲಿಲ್ಲ. ಸ್ವೀಡನ್ನಿನ ವಾಸಾ ಹಡಗಿಗೆ ಅದನ್ನು ಬಳಸಿದ್ದು 1960ರ ದಶಕದಲ್ಲಿ. ಹಾಗೇ ಒಣಗಿದ ಮರ ಕುಗ್ಗಿ ಬಿರಿಯುತ್ತದೆ. ಕಬ್ಬಿಣದ ಮೊಳೆ ಇರುವೆಡೆ ಓಕ್‌ನ ಟ್ಯಾನಿನ್ ಕಬ್ಬಿಣವನ್ನು ತಿನ್ನುತ್ತದೆ, ತುಕ್ಕು ಮರವನ್ನು ತಿನ್ನುತ್ತದೆ. ಇಂಥ ಮರಕ್ಕೆ ತೇವಾಂಶ ಎಷ್ಟಿದೆ ಎಂಬುದಕ್ಕಿಂತ ಅದು ಏರಿಳಿಯದೆ ನಿಲ್ಲುವುದು ಮುಖ್ಯ. ಶೇಕಡ 50ರಿಂದ 55ರ ನಡುವೆ ವರ್ಷವಿಡೀ ಕಾಯ್ದುಕೊಳ್ಳಲು ಚಳಿಗಾಲದಲ್ಲೂ ಯಂತ್ರ ಓಡಬೇಕು, ಪ್ರವಾಸಿಗರಿಲ್ಲವೆಂದು ನವೆಂಬರ್‌ನಲ್ಲಿ ಆರಿಸುವಂತಿಲ್ಲ. ಕಾಮಗಾರಿಗೆ ಮುಂಚೆ ಇಡೀ ತಳವನ್ನು ಲೇಸರ್‌ನಿಂದ ಅಳೆದಿಡಿ. ಪಕ್ಕದಲ್ಲಿ ಕಂಬ ಬಡಿಯುವುದಾದರೆ ಕಂಪನ ಅಳೆಯುವ ಸಾಧನ ಮರದ ಆಧಾರಕ್ಕೇ ಕೂರಿಸಿ, ಮಿತಿ ದಾಟಿದರೆ ಕೆಲಸ ನಿಲ್ಲಿಸುವ ಷರತ್ತನ್ನು ಗುತ್ತಿಗೆಯಲ್ಲೇ ಬರೆಯಿರಿ. ನದಿಯ ನೆರೆ ಬಂದರೆ ನೀರು ಎಲ್ಲಿಯವರೆಗೆ ಏರುತ್ತದೆ ನೋಡಿ ನೆಲಗಟ್ಟಿನ ಎತ್ತರ ತೀರ್ಮಾನಿಸಿ.

ಹೆಸರುಗಳಲ್ಲಿ ವರ್ಸ್ಲಿ ಒಬ್ಬನೇ ಮೆರೆಯದಿರಲಿ. ಅವನು ಹಡಗಿನಲ್ಲಿದ್ದದ್ದು ಕೆಲವೇ ವಾರ, ಮ್ಯಾಕಿಂಟಾಶ್ ಯುದ್ಧದ ಬಹುಕಾಲ. ಒಜಿಬ್ವೆಯವರ ಪಾಲಿನ ಕಥೆಯನ್ನು ಅವರ ಸಮುದಾಯಗಳ ಕೈಯಲ್ಲೇ ಬರೆಸಿ. ನೀವು ಬರೆದು ಅವರ ಸಹಿ ಕೇಳಬೇಡಿ. ಮಕ್ಕಳ ಆಟಕ್ಕೆ ಹಡಗಿನ ಮಾದರಿ ಕಟ್ಟುವುದಿದ್ದರೆ ಕಡಲ್ಗಳ್ಳರ ತಲೆಬುರುಡೆ ಬಾವುಟ ಮಾತ್ರ ಬೇಡ. ತೋಪಿನ ಕಿಂಡಿಯ ಬದಲು ಸರಕು ಇಳಿಸುವ ಬಾಯಿ ಮಾಡಿ, ಮಕ್ಕಳು ಪೀಪಾಯಿ ಉರುಳಿಸಲಿ.

ವಿನ್ಯಾಸಕ್ಕೆ ಟೆಂಡರ್ ಕರೆಯುವಾಗ ಸಾರ್ವಜನಿಕರ ಅಭಿಪ್ರಾಯಕ್ಕೆ ಕಾಲಾವಕಾಶ ಇಡುತ್ತೀರೆಂದು ನಂಬಿದ್ದೇವೆ. ಪೀಪಾಯಿಗಳ ಜೋಡಣೆಯ ಅಳತೆ ನಕ್ಷೆ, ಮೇಲಿನ ಲೆಕ್ಕಗಳ ವಿವರ, ಫಲಕಗಳ ಕನ್ನಡ ಅನುವಾದ ಬೇಕಿದ್ದರೆ ಅದೂ, ಸಂಭಾವನೆಯಿಲ್ಲದೆ ಕೊಡಲು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿಗಳು,
ಸಿಹಿನೀರಿನ ಹಾಯಿಹಡಗುಗಳ ಇತಿಹಾಸದಲ್ಲಿ ಆಸಕ್ತರಾದ ಕೆಲವು ಕನ್ನಡಿಗರು